ನಿಯಂತ್ರಕ ಟಿ ಕೋಶದ ಚಿಕಿತ್ಸೆಯ ಸುದ್ದಿಯನ್ನು ಪರಿಶೀಲಿಸುವ ಬಗೆ

ಅಡಿಕೆ ಕೊಯ್ಲು ಶುರುವಾದ ದಿನಗಳಲ್ಲಿ ತೀರ್ಥಹಳ್ಳಿ ಕಡೆಯ ಪರಿಚಿತರೊಬ್ಬರು ಶಿವಮೊಗ್ಗದ ನಮ್ಮ ಮನೆಗೆ ಬಂದು, ಚೊಗರಿನ ಕಲೆ ಹಿಡಿದ ಬೆರಳುಗಳಿಂದ ನಾಲ್ಕು ಮಡಿಕೆಯ ಕರಪತ್ರವೊಂದನ್ನು ಬಿಡಿಸಿ ಮೇಜಿನ ಮೇಲಿಟ್ಟರು. ಅವರ ಮಗಳಿಗೆ ಟೈಪ್ 1 ಸಕ್ಕರೆ ಕಾಯಿಲೆ. ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಹೋದಾಗ ಒದ್ದೆ ಮರಳಿನ ನಡುವೆ ಮಡಕೆಯಿಟ್ಟು ಅದರೊಳಗೆ ಇನ್ಸುಲಿನ್ ಕಾಪಾಡುವ ಮನೆ ಅದು. ನಿಯಂತ್ರಕ ಟಿ ಕೋಶಗಳನ್ನು ಹೆಚ್ಚಿಸಿ ಇನ್ಸುಲಿನ್‌ನಿಂದ ಬಿಡುಗಡೆ ಕೊಡಿಸುವುದಾಗಿ ದೂರದ ನಗರದ ಒಂದು ಕೇಂದ್ರ ಆ ಕರಪತ್ರದಲ್ಲಿ ಹೇಳಿಕೊಂಡಿತ್ತು. 2025ರ ನೊಬೆಲ್ ಬಹುಮಾನ ಇದೇ ಕೋಶದ ಸಂಶೋಧನೆಗೆ ಸಂದದ್ದನ್ನೂ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿತ್ತು. ನೊಬೆಲ್ ಸಂದದ್ದು ನಿಜ, ಆದರೆ ಅದರ ಬೆನ್ನಿಗೆ ಬರೆದ ಭರವಸೆ ನಿಜವಲ್ಲ. ಇಂಥ ಕಾಗದ ಕೈಗೆ ಬಂದಾಗ ನಿಜವನ್ನೂ ಭರವಸೆಯನ್ನೂ ಹೇಗೆ ಬೇರ್ಪಡಿಸಬೇಕು ಎಂಬುದನ್ನು, ಅಂದು ನಾವಿಬ್ಬರೂ ಕೂತು ನೋಡಿದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಮೊದಲು ಈ ಕೋಶ ಯಾವುದೆಂದು ತಿಳಿದುಕೊಳ್ಳಿ. ರೋಗಾಣುಗಳ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ಟಿ ಕೋಶಗಳು ಎದೆಯ ಗೂಡಿನೊಳಗಿರುವ ಥೈಮಸ್ ಗ್ರಂಥಿಯಲ್ಲಿ ಪಕ್ವವಾಗುತ್ತವೆ. ನಮ್ಮದೇ ಅಂಗಾಂಶದ ಮೇಲೆ ತಿರುಗಿಬೀಳಬಲ್ಲವುಗಳಲ್ಲಿ ಬಹುಪಾಲು ಅಲ್ಲೇ ಅಳಿದರೂ ಕೆಲವು ತಪ್ಪಿಸಿಕೊಂಡು ರಕ್ತಕ್ಕೆ ಇಳಿಯುತ್ತವೆ, ಅವನ್ನು ಹದ್ದುಬಸ್ತಿನಲ್ಲಿಡುವುದು ನಿಯಂತ್ರಕ ಟಿ ಕೋಶಗಳ ಕೆಲಸ. ಸಕ್ರೆಬೈಲಿನ ಬಿಡಾರದ ಪಳಗಿದ ಆನೆಗಳು ಪುಂಡಾನೆಯನ್ನು ಎರಡೂ ಬದಿಯಿಂದ ಒತ್ತಿ ನಿಲ್ಲಿಸುವುದನ್ನು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ, ಏಕೆಂದರೆ ತಡೆಯುವುದೂ ತಡೆಯಿಸಿಕೊಳ್ಳುವುದೂ ಒಂದೇ ಜಾತಿಯವು. ಹುಟ್ಟಿದ ಮೂರನೇ ದಿನ ಥೈಮಸ್ ತೆಗೆದ ಇಲಿಮರಿಗಳ ದೇಹ ತನ್ನ ಅಂಗಗಳ ಮೇಲೆಯೇ ದಾಳಿ ಮಾಡುವುದೇಕೆ ಎಂಬ ಪ್ರಶ್ನೆಯನ್ನು ಬೆನ್ನುಹತ್ತಿದ ಜಪಾನಿನ ಶಿಮೋನ್ ಸಕಾಗುಚಿ, ಸಿಡಿ25 ಎಂಬ ಗುರುತನ್ನು ಹೊತ್ತ ಈ ಕೋಶಗಳನ್ನು 1995ರಲ್ಲಿ ತೋರಿಸಿಕೊಟ್ಟರು. ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್, ಚರ್ಮ ಹಕ್ಕಳೆಗಟ್ಟಿ ಎಳೆತನದಲ್ಲೇ ಸಾಯುತ್ತಿದ್ದ ಸ್ಕರ್ಫಿ ಎಂಬ ಇಲಿತಳಿಯ ದೋಷ ಫಾಕ್ಸ್‌ಪಿ3 ಎಂಬ ಜೀನಿನಲ್ಲಿದೆ ಎಂದು 2001ರಲ್ಲಿ ಕಂಡುಹಿಡಿದರು. ಅದೇ ಜೀನಿನಲ್ಲಿ ದೋಷವಿರುವ ಗಂಡುಮಕ್ಕಳಿಗೆ ಐಪೆಕ್ಸ್ ಎಂಬ ಕಾಯಿಲೆ ಬರುತ್ತದೆ; ಕರುಳು, ಚರ್ಮ, ಇನ್ಸುಲಿನ್ ತಯಾರಿಸುವ ಮೇದೋಜೀರಕ ಒಟ್ಟೊಟ್ಟಿಗೆ ಕೆಡುತ್ತವೆ. ಫಾಕ್ಸ್‌ಪಿ3 ಈ ಕೋಶಗಳನ್ನು ರೂಪಿಸಿ ನಡೆಸುವ ಮುಖ್ಯ ಜೀನೆಂದು 2003ರಲ್ಲಿ ಖಚಿತವಾಯಿತು.

ಎರಡನೆಯದಾಗಿ, ಸುದ್ದಿಯಲ್ಲಿ ಹೇಳಿದ ಚಿಕಿತ್ಸೆ ಈ ಕೋಶವನ್ನು ಹೆಚ್ಚಿಸುವುದೋ ತಗ್ಗಿಸುವುದೋ ಎಂದು ನೋಡಿ. ಟೈಪ್ 1 ಸಕ್ಕರೆ ಕಾಯಿಲೆ, ಲೂಪಸ್ ಅಥವಾ ಕಸಿ ಮಾಡಿದ ಮೂತ್ರಪಿಂಡದ ತಿರಸ್ಕಾರದಂಥ ತೊಂದರೆಗಳಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗದ ಮೇಲೋ ಕಸಿಯ ಅಂಗದ ಮೇಲೋ ದಾಳಿ ಮಾಡುವುದರಿಂದ ವೈದ್ಯರಿಗೆ ಬೇಕಾದದ್ದು ಹೆಚ್ಚಳ. ಕ್ಯಾನ್ಸರಿನಲ್ಲಿ ಲೆಕ್ಕ ತಿರುಗುಮುರುಗು, ಏಕೆಂದರೆ ಗಡ್ಡೆಯೊಳಗೆ ಸೇರಿಕೊಂಡ ನಿಯಂತ್ರಕ ಕೋಶಗಳು ಗಡ್ಡೆಯನ್ನು ಕೊಲ್ಲಬೇಕಾದ ಕೋಶಗಳ ಕೈ ಕಟ್ಟುತ್ತವೆ. ಎರಡನ್ನೂ ಒಂದೇ ಕಷಾಯದಂತೆ ಮಾರುವವರನ್ನು ನಂಬಲೇಬೇಡಿ. ಇನ್ನೊಂದು ಗೊಂದಲವೂ ಸಾಮಾನ್ಯ: ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ರೂಪುಗೊಂಡು 2023ರಲ್ಲಿ ನಮ್ಮ ದೇಶದಲ್ಲಿ ಒಪ್ಪಿಗೆ ಪಡೆದ, ರೋಗಿಯ ಟಿ ಕೋಶಗಳನ್ನು ಮಾರ್ಪಡಿಸಿ ಮರಳಿ ಕೊಡುವ ಕಾರ್-ಟಿ ಚಿಕಿತ್ಸೆ ಕೆಲವು ರಕ್ತದ ಕ್ಯಾನ್ಸರುಗಳಿಗೆ ಮೀಸಲಾದದ್ದು, ಅದರಲ್ಲಿ ಬಳಸುವುದು ದಾಳಿ ಮಾಡುವ ಕೋಶವನ್ನು. ಅದಕ್ಕೆ ಸಿಕ್ಕ ಒಪ್ಪಿಗೆಯನ್ನು ನಿಯಂತ್ರಕ ಕೋಶದ ಲೆಕ್ಕಕ್ಕೆ ಬರೆದುಕೊಳ್ಳಲು ಬರುವುದಿಲ್ಲ.

ಮೂರನೆಯದಾಗಿ, ಹೆಚ್ಚಿಸುವುದು ಹೇಗೆ ಎಂದು ಕೇಳಿ. ಒಂದು ದಾರಿಯಲ್ಲಿ ಇಂಟರ್‌ಲ್ಯೂಕಿನ್-2 ಎಂಬ ಔಷಧವನ್ನು ಬಹಳ ಕಡಿಮೆ ಪ್ರಮಾಣದಲ್ಲಿ ಕೊಡುತ್ತಾರೆ. ಇದೇ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ಕ್ಯಾನ್ಸರಿನ ವಿರುದ್ಧ ಬಳಸುತ್ತಿದ್ದರೆಂಬುದನ್ನು ಗಮನಿಸಿದರೆ, ಪ್ರಮಾಣ ಬದಲಾದಾಗ ಪರಿಣಾಮ ಎಷ್ಟು ತಿರುಗುತ್ತದೆಂದು ತಿಳಿಯುತ್ತದೆ. ಎರಡನೆಯ ದಾರಿಯಲ್ಲಿ ರೋಗಿಯ ರಕ್ತದಿಂದಲೇ ನಿಯಂತ್ರಕ ಕೋಶಗಳನ್ನು ಆರಿಸಿ, ಪ್ರಯೋಗಾಲಯದಲ್ಲಿ ವಾರಗಟ್ಟಲೆ ಬೆಳೆಸಿ ಮರಳಿ ದೇಹಕ್ಕೆ ಹಾಕುತ್ತಾರೆ. ಮೂರನೆಯದರಲ್ಲಿ ಕೋಶಕ್ಕೆ ಗುರಿಯನ್ನು ಗುರುತು ಹಿಡಿಯುವ ಹೊಸ ಗ್ರಾಹಿಯನ್ನು ಜೋಡಿಸಿ, ಅದು ಕಸಿಯ ಅಂಗದ ಬಳಿಯೇ ಹೋಗಿ ಕೂರುವಂತೆ ಮಾಡುತ್ತಾರೆ. ಇದು ಮನುಷ್ಯರಲ್ಲಿ ಪರೀಕ್ಷೆಗೆ ಇಳಿದದ್ದು ಈ ದಶಕದಲ್ಲಷ್ಟೇ. ಎರಡನೆಯ ದಾರಿಯ ಕಷ್ಟ ನಿಜವಾಗಿಯೂ ದೊಡ್ಡದು. ರಕ್ತದಲ್ಲಿ ಸಿಡಿ4 ಎಂಬ ಗುರುತು ಹೊತ್ತ ಟಿ ಕೋಶಗಳಲ್ಲಿ ಇವು ಸುಮಾರು ನೂರಕ್ಕೆ ಐದರಿಂದ ಹತ್ತು ಮಾತ್ರ, ಫಾಕ್ಸ್‌ಪಿ3 ಕೋಶದ ಒಳಗಿರುವುದರಿಂದ ಜೀವಂತ ಕೋಶವನ್ನು ಅದರಿಂದ ಆರಿಸಲಾಗದು, ಸಿಡಿ25 ಹೆಚ್ಚಾಗಿಯೂ ಸಿಡಿ127 ಕಡಿಮೆಯಾಗಿಯೂ ಇರುವ ಹೊರಗುರುತನ್ನೇ ನೆಚ್ಚಬೇಕು, ಕೆರಳಿದ ಸಾಮಾನ್ಯ ಟಿ ಕೋಶವೂ ಮನುಷ್ಯರಲ್ಲಿ ಸ್ವಲ್ಪ ಹೊತ್ತು ಫಾಕ್ಸ್‌ಪಿ3 ತೋರಿಸಬಲ್ಲದು. ಈ ಕಾರಣಕ್ಕೇ, ನಿಮ್ಮ ಮಗುವಿನ ನಿಯಂತ್ರಕ ಕೋಶ ಇಷ್ಟು ಕಡಿಮೆಯಿದೆ ಎಂದು ಯಾರಾದರೂ ರಕ್ತಪರೀಕ್ಷೆಯ ಒಂದು ಅಂಕಿ ತೋರಿಸಿ ಚಿಕಿತ್ಸೆ ಮಾರಲು ಬಂದರೆ, ಆ ಅಂಕಿಯೊಂದರಿಂದ ಏನನ್ನೂ ತೀರ್ಮಾನಿಸಬೇಡಿ.

ನಾಲ್ಕನೆಯ ಹೆಜ್ಜೆಗೆ ಹೆಚ್ಚು ಹೊತ್ತು ಕೊಡಿ, ನಾವು ಆ ದಿನ ಅರ್ಧ ಮಧ್ಯಾಹ್ನವನ್ನು ಇದರಲ್ಲೇ ಕಳೆದೆವು. ಯಾವ ಅಧ್ಯಯನವನ್ನು ಆಧಾರವಾಗಿ ಕೊಟ್ಟಿದ್ದಾರೋ ಅದರಲ್ಲಿ ಎಷ್ಟು ಜನರಿದ್ದರು, ಹೋಲಿಕೆಗೆ ಹುಸಿಮದ್ದು ಪಡೆದ ಗುಂಪು ಇತ್ತೇ, ಏನನ್ನು ಅಳೆದರು ಎಂಬ ಮೂರು ವಿಷಯ ಹುಡುಕಿ. ಅಮೆರಿಕದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಟೈಪ್ 1 ಸಕ್ಕರೆ ಕಾಯಿಲೆಯ 14 ವಯಸ್ಕರಿಗೆ ಅವರದೇ ನಿಯಂತ್ರಕ ಕೋಶಗಳನ್ನು ಬೆಳೆಸಿ ಕೊಟ್ಟರು. ಹಾಕಿದ ಕೋಶಗಳಲ್ಲಿ ಒಂದು ಪಾಲು ವರ್ಷದ ನಂತರವೂ ರಕ್ತದಲ್ಲಿ ಉಳಿದಿತ್ತು, ಚಿಕಿತ್ಸೆಯಿಂದ ಗಂಭೀರ ತೊಂದರೆ ಕಾಣಲಿಲ್ಲ. ಅದು ಸುರಕ್ಷತೆ ನೋಡುವ ಮೊದಲ ಹಂತದ ಪರೀಕ್ಷೆ, ಅದರಲ್ಲಿ ಹೋಲಿಕೆಯ ಗುಂಪೇ ಇರಲಿಲ್ಲ. ಕರಪತ್ರದಲ್ಲಿ ಇದ್ದದ್ದು ಇದೊಂದೇ. ಮುಂದೆ ಇದೇ ವಿಧಾನವನ್ನು ಕಾಯಿಲೆ ಹೊಸದಾಗಿ ಪತ್ತೆಯಾದ ನೂರಕ್ಕೂ ಹೆಚ್ಚು ಮಕ್ಕಳಲ್ಲಿ ಹುಸಿಮದ್ದಿನೊಂದಿಗೆ ಹೋಲಿಸಿ ಪರೀಕ್ಷಿಸಿದಾಗ, ಚಿಕಿತ್ಸೆ ಸುರಕ್ಷಿತವೆಂದು ಕಂಡರೂ ದೇಹದಲ್ಲಿ ಉಳಿದಿದ್ದ ಇನ್ಸುಲಿನ್ ಉತ್ಪತ್ತಿ ಕುಸಿಯುವುದನ್ನು ಅದು ಒಂದು ವರ್ಷದ ಅವಧಿಯಲ್ಲಿ ತಡೆಯಲಿಲ್ಲ. ಆ ಉತ್ಪತ್ತಿಯನ್ನು ಸಿ-ಪೆಪ್ಟೈಡ್ ಎಂಬ ರಕ್ತಪರೀಕ್ಷೆಯಿಂದ ಅಳೆಯುತ್ತಾರೆ, ಹಾಗಾಗಿ ಸಕ್ಕರೆ ಕಾಯಿಲೆಯ ಯಾವುದೇ ವರದಿಯಲ್ಲಿ ಮೊದಲು ಆ ಪದವನ್ನು ಹುಡುಕಿ. ಕೋಶದ ಸಂಖ್ಯೆ ಏರಿತೆಂದಷ್ಟೇ ಬರೆದಿದ್ದರೆ ರೋಗಿಗೆ ಏನು ದಕ್ಕಿತು ಎಂಬ ಪ್ರಶ್ನೆ ಹಾಗೆಯೇ ಉಳಿದಿರುತ್ತದೆ. ಈ ಫಲಿತಾಂಶ ಓದಿ ಹೇಳುವಾಗ ನನಗೆ ಗಂಟಲು ಕಟ್ಟಿತು, ಆದರೂ ತಂದೆಗೆ ಅದನ್ನು ಮುಚ್ಚಿಡುವುದು ಸರಿಯೆನಿಸಲಿಲ್ಲ. ಸಂಶೋಧಕರೂ ಅಲ್ಲಿಗೇ ನಿಂತಿಲ್ಲ: ಮೇದೋಜೀರಕವನ್ನೇ ಗುರುತಿಸಬಲ್ಲ ನಿಯಂತ್ರಕ ಕೋಶಗಳನ್ನು ರೂಪಿಸಿದರೆ ಫಲ ಸಿಗಬಹುದೆಂಬ ಜಾಡಿನಲ್ಲಿ ಕೆಲಸ ನಡೆದಿದೆ.

ಬಳಿಕ ನೋಂದಣಿ ನೋಡಿ. ಭಾರತದಲ್ಲಿ ಮನುಷ್ಯರ ಮೇಲಿನ ಚಿಕಿತ್ಸಾ ಪರೀಕ್ಷೆಗಳು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸುವ ಸಿಟಿಆರ್‌ಐ ಎಂಬ ದಾಖಲೆಯಲ್ಲಿ ನೋಂದಣಿಯಾಗಬೇಕು, 2009ರಿಂದ ಇದು ಕಡ್ಡಾಯ. ಅದರ ಜಾಲತಾಣವನ್ನು ಯಾರು ಬೇಕಾದರೂ ಹಣ ಕೊಡದೆ ತೆರೆದು ಹುಡುಕಬಹುದು. ಸಂಖ್ಯೆ ಸಿಟಿಆರ್‌ಐ ಎಂದು ಆರಂಭವಾಗಿ ವರ್ಷ, ತಿಂಗಳು, ಕ್ರಮಾಂಕ ಎಂಬ ಸಾಲಿನಲ್ಲಿರುತ್ತದೆ. ಸಂಖ್ಯೆ ಸಿಕ್ಕರೆ ಸಾಲದು, ಅಲ್ಲಿ ಬರೆದ ಕಾಯಿಲೆ, ವಯಸ್ಸು, ಕೋಶದ ಬಗೆ, ಆಸ್ಪತ್ರೆ ಇವು ಕರಪತ್ರದೊಂದಿಗೆ ತಾಳೆಯಾಗುತ್ತವೆಯೇ ಎಂದು ಸಾಲು ಸಾಲಾಗಿ ನೋಡಿ. ನಮ್ಮ ಕರಪತ್ರದಲ್ಲಿದ್ದ ಸಂಖ್ಯೆ ತೆರೆದಾಗ ಬಂದದ್ದು ವಯಸ್ಕರ ಮಂಡಿನೋವಿನ ಅಧ್ಯಯನ. ನೋಂದಣಿಯೆಂದರೆ ಒಪ್ಪಿಗೆಯಲ್ಲ ಎಂಬುದನ್ನೂ ನೆನಪಿಡಿ. ಪರೀಕ್ಷೆಯ ನೈತಿಕತೆಯನ್ನು ಪರಿಶೀಲಿಸುವ ಸಮಿತಿಯ ಅನುಮತಿ ಬೇಕು, ಒಪ್ಪಿಗೆಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು, ಪರೀಕ್ಷೆಯಿಂದ ಹಾನಿಯಾದರೆ ಹೊಸ ಔಷಧ ಮತ್ತು ಚಿಕಿತ್ಸಾ ಪರೀಕ್ಷೆಗಳ 2019ರ ನಿಯಮಗಳ ಪ್ರಕಾರ ಚಿಕಿತ್ಸೆಯೂ ಪರಿಹಾರವೂ ಸಿಗಬೇಕು. ಇನ್ನೂ ಪರೀಕ್ಷೆಯಲ್ಲಿರುವ ಕೋಶಕ್ಕೆ ಲಕ್ಷಗಟ್ಟಲೆ ಮುಂಗಡ ಕೇಳಿದರೆ ತೋಟ ಅಡವಿಡುವ ಮಾತನ್ನು ಅಲ್ಲಿಗೇ ಬಿಡಿ.

ಇದೆಲ್ಲ ಮುಗಿಯುವ ತನಕ ಈಗಿರುವ ಮದ್ದನ್ನು ಒಂದು ಹೊತ್ತೂ ನಿಲ್ಲಿಸಬಾರದು. ಟೈಪ್ 1 ಇರುವ ಮಗುವಿಗೆ ಇನ್ಸುಲಿನ್ ತಪ್ಪಿದರೆ ಕೆಲವೇ ದಿನಗಳಲ್ಲಿ, ಕೆಲವೊಮ್ಮೆ ಗಂಟೆಗಳಲ್ಲೇ ಪ್ರಾಣಕ್ಕೆ ಅಪಾಯ ಬರುತ್ತದೆ. ಮೂತ್ರಪಿಂಡ ಕಸಿಯಾದವರು ಮಾತ್ರೆ ಬಿಟ್ಟರೆ ಅಂಗವೇ ಹೋಗಬಹುದು. ಮುಂದಿನ ತಪಾಸಣೆಗೆ ಹೋಗುವಾಗ ಕರಪತ್ರ, ಸಿಟಿಆರ್‌ಐ ಪುಟದ ಪ್ರತಿ, ಸಕ್ಕರೆ ಅಳತೆಯ ಪುಸ್ತಕ ಮೂರನ್ನೂ ವೈದ್ಯರ ಮುಂದಿಟ್ಟು, ಮಗುವಿನ ಸಿ-ಪೆಪ್ಟೈಡ್ ಈಗ ಎಷ್ಟಿದೆ, ಅವಳ ವಯಸ್ಸಿಗೆ ಹೊಂದುವ ನಿಜವಾದ ಪರೀಕ್ಷೆ ಎಲ್ಲಿಯಾದರೂ ನಡೆಯುತ್ತಿದೆಯೇ ಎಂದು ನೇರವಾಗಿ ಕೇಳಿ. ಆ ತಂದೆ ಸಂಜೆಯ ಬಸ್ಸು ಹತ್ತುವ ಮೊದಲು ನಿಲ್ದಾಣದ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಆ ಪುಟದ ಪ್ರತಿ ತೆಗೆಸಿ, ಮಗಳ ಸಕ್ಕರೆ ಪುಸ್ತಕದೊಳಗಿಟ್ಟುಕೊಂಡು ಹೋದರು.