ಭೂತಬಂಗಲೆ ನಾಟಕಕ್ಕೆ ಆಡಿಷನ್: ಕಿರುಚುವ ಮುಂಚೆ ಕಿವಿಗೊಡಿ

ದೆವ್ವದ ಮನೆಯ ನಾಟಕಕ್ಕೆ ಕಲಾವಿದರು ಬೇಕಾಗಿದ್ದಾರೆ ಅಂತ ಗೊತ್ತಾದರೆ ಸಾಕು, ಬಂದವರಲ್ಲಿ ಅರ್ಧ ಜನ ಕಣ್ಣಗಲಿಸಿ, ಎರಡೂ ಕೈಯನ್ನು ಕೆನ್ನೆಗೊತ್ತಿ ಚೀರಿಯೇ ಬಿಡುತ್ತಾರೆ. ಹತ್ತನೆಯ ಚೀರಾಟದ ಹೊತ್ತಿಗೆ ಮೇಜಿನ ಆಚೆ ಕೂತವರಿಗೆ ಆಕಳಿಕೆ ಶುರುವಾಗಿರುತ್ತದೆ. ಹವ್ಯಾಸಿ ತಂಡದಲ್ಲಿ ಆ ಮೇಜಿನ ಎರಡೂ ಬದಿಯಲ್ಲಿ ಇದ್ದು ನೋಡಿದವಳು ನಾನು. ಹೆದರಿಕೆಯನ್ನು ನುಂಗಿಕೊಳ್ಳಲು ಒದ್ದಾಡುವ ಮುಖವೇ ಕೊನೆಗೆ ನಿರ್ದೇಶಕರ ತಲೆಯಲ್ಲಿ ಉಳಿಯುತ್ತದೆ.

ಮೊದಲು ಪ್ರಕಟಣೆ, ಆಮೇಲೆ ಫಾರ್ಮ್

ನಾಟಕ ಗಂಭೀರವೋ ನಗೆಯದ್ದೋ ತಿಳಿದುಕೊಳ್ಳಿ. ಭೂತಬಂಗಲೆಯ ಕಥೆಗಳಲ್ಲಿ ಎಷ್ಟೋ ಅರ್ಧ ಹಾಸ್ಯ. ಅಲ್ಲಿ ಟೈಮಿಂಗ್ ಇಲ್ಲದವರಿಗೆ ಕೆಲಸವಿಲ್ಲ. ಸ್ವಗತ ಸಿದ್ಧಮಾಡಿಕೊಂಡು ಬರಬೇಕೋ, ಅಲ್ಲೇ ಕೊಡುವ ಪುಟ ಓದಬೇಕೋ ಅಂತಲೂ ನೋಡಿ.

ಫಾರ್ಮಿನಲ್ಲಿ ತಾಲೀಮಿಗೆ ಬರಲಾಗದ ದಿನಗಳನ್ನು ಕೇಳುತ್ತಾರೆ. ಸುಳ್ಳು ಬರೆಯಬೇಡಿ. ಬಾಗಿಲು ತಾನಾಗಿ ತೆರೆಯುವುದು, ದೀಪ ಆರುವುದು, ಸದ್ದು ಕೇಳುವುದು ಎಲ್ಲವೂ ನಟರ ಹೆಜ್ಜೆಗೆ ತಾಳೆಯಾಗಬೇಕಲ್ಲ, ಹಾಗಾಗಿ ಕೊನೆಯ ವಾರದ ತಾಂತ್ರಿಕ ತಾಲೀಮು ಇಂಥ ನಾಟಕದಲ್ಲಿ ವಿಪರೀತ ಎಳೆಯುತ್ತದೆ. ಆ ವಾರ ಮದುವೆ ಇದ್ದರೆ ಈಗಲೇ ಹೇಳಿಬಿಡಿ.

ಇನ್ನೊಂದು ಮಾತು, ಉಬ್ಬಸವೋ ಅಪಸ್ಮಾರವೋ ಇದ್ದರೆ ಯಾರೂ ಕೇಳದಿದ್ದರೂ ಫಾರ್ಮಿನಲ್ಲಿ ನೀವೇ ಬರೆಯಿರಿ. ಉಬ್ಬಸ ಇದ್ದವರಿಗೆ ಹೊಗೆ ಯಂತ್ರ ತೊಂದರೆ ಕೊಡಬಹುದು. ಸೆಕೆಂಡಿಗೆ ಸುಮಾರು 3ರಿಂದ 30 ಸಲ ಮಿನುಗುವ ಬೆಳಕು ಕೆಲವು ಅಪಸ್ಮಾರ ರೋಗಿಗಳಲ್ಲಿ ಸೆಳವು ತರಿಸಬಲ್ಲದು. ಮಿಂಚು ತೋರಿಸುವ ಸ್ಟ್ರೋಬ್ ದೀಪ ಆ ಮಿತಿಯೊಳಗೇ ಇರಬಹುದು.

ಸ್ವಗತಕ್ಕೆ ದೆವ್ವ ಬೇಡ

ಒಂದೆರಡು ನಿಮಿಷದ್ದು ಸಾಕು. ದೆವ್ವದ ಮಾತನ್ನೇ ಆರಿಸಿಕೊಂಡರೆ ದಿನವಿಡೀ ಅದನ್ನೇ ಕೇಳಿದವರ ಮುಂದೆ ನೀವು ಇಪ್ಪತ್ತನೆಯವರಾಗುತ್ತೀರಿ. ಏನನ್ನೋ ಮುಚ್ಚಿಟ್ಟುಕೊಂಡು ಮಾತಾಡುವ ವ್ಯಕ್ತಿಯ ತುಣುಕು ಹುಡುಕಿ. ಸಾಲ ಮಾಡಿ ಮನೆಯವರಿಗೆ ಹೇಳದ ಗಂಡಸಾದರೂ ಆದೀತು.

ಕೈಗೆ ಪುಟ ಬಂದಾಗ

ನಿಜವಾದ ಪರೀಕ್ಷೆ ಇದು. ಎರಡು ಮೂರು ಪುಟ ಕೊಟ್ಟು, ಹತ್ತು ನಿಮಿಷ ಬಿಟ್ಟು ಓದಿಸುತ್ತಾರೆ. ನಿಮ್ಮ ಮಾತುಗಳಿಗೆ ಗೆರೆ ಎಳೆಯುವ ಮುಂಚೆ ಕಂಸದೊಳಗಿನ ಸೂಚನೆಗಳಿಗೆ ಎಳೆಯಿರಿ: ‘ಮಹಡಿಯ ಮೇಲೆ ಹೆಜ್ಜೆ ಸದ್ದು’, ‘ಗಡಿಯಾರ ನಿಲ್ಲುತ್ತದೆ’. ಆಡಿಷನ್ ಕೋಣೆಯಲ್ಲಿ ಆ ಸದ್ದು ಯಾರೂ ಮಾಡುವುದಿಲ್ಲ. ಹೆಚ್ಚೆಂದರೆ ಸಹಾಯಕರೊಬ್ಬರು ಸೂಚನೆಯನ್ನು ಸಪ್ಪೆಯಾಗಿ ಓದಿಬಿಡುತ್ತಾರೆ. ಸದ್ದು ಎಲ್ಲಿಂದ ಬಂತು ಎಂಬುದನ್ನು ನೀವೇ ತೀರ್ಮಾನಿಸಿ, ಗೋಡೆಯ ಮೇಲೆ ಒಂದು ಕಲೆಯನ್ನೋ ಮೊಳೆಯನ್ನೋ ಗುರುತಿಟ್ಟುಕೊಳ್ಳಿ. ಪ್ರತಿ ಸಲವೂ ಕಣ್ಣು ಅಲ್ಲಿಗೇ ಹೋಗಬೇಕು. ಒಮ್ಮೆ ಎಡಕ್ಕೆ, ಇನ್ನೊಮ್ಮೆ ಸೂರಿಗೆ ಹೋಯಿತೋ, ದೆವ್ವ ಅಲ್ಲೇ ಸತ್ತುಹೋಯಿತು.

ಈ ಕಷ್ಟ ಹೊಸದೇನಲ್ಲ. 1862ರಲ್ಲಿ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಜಾನ್ ಹೆನ್ರಿ ಪೆಪ್ಪರ್ ಒಂದು ತಂತ್ರ ತೋರಿಸಿದರು. ರಂಗದ ಮುಂದೆ ಓರೆಯಾಗಿ ನಿಲ್ಲಿಸಿದ ದೊಡ್ಡ ಗಾಜು, ಕೆಳಗೆ ಪ್ರೇಕ್ಷಕರಿಗೆ ಕಾಣದ ಹಳ್ಳದಲ್ಲಿ ಪ್ರಖರ ಬೆಳಕಿನಡಿ ದೆವ್ವದ ವೇಷಧಾರಿ. ಅವನ ಪ್ರತಿಬಿಂಬ ಗಾಜಿನಲ್ಲಿ ಮೂಡಿ, ರಂಗದ ಮೇಲೆ ನಿಂತಂತೆ ಪ್ರೇಕ್ಷಕರಿಗೆ ಕಾಣುತ್ತಿತ್ತು. ಗಾಜಿನ ಹಿಂದಿದ್ದ ನಟರಿಗೆ ಮಾತ್ರ ಏನೂ ಕಾಣದು. ಬರಿಯ ಗಾಳಿಯನ್ನು ನೋಡಿ ಅವರು ಬೆಚ್ಚಬೇಕಿತ್ತು, ಅದೂ ಸರಿಯಾದ ಜಾಗ ನೋಡಿ. ನಿಮ್ಮ ಪಾಡೂ ಅದೇ.

ದೃಶ್ಯದಲ್ಲಿ ಮನೆ ‘ಬದಲಾಗುವ’ ಸಾಲು ಯಾವುದು ಅಂತ ಹುಡುಕಿ. ಅಲ್ಲಿಯವರೆಗೆ ತೀರಾ ಮಾಮೂಲಿಯಾಗಿರಿ: ಸೂಟ್‌ಕೇಸ್ ಎಲ್ಲಿಡಲಿ, ನಲ್ಲಿಯಲ್ಲಿ ನೀರು ಬರುತ್ತಾ, ಇಷ್ಟೇ ಚಿಂತೆ. ಮೊದಲ ಸಾಲಿನಿಂದಲೇ ನಡುಗುತ್ತಿದ್ದರೆ ಕೊನೆಗೆ ಹೋಗಲು ಜಾಗವೇ ಉಳಿಯುವುದಿಲ್ಲ.

ಒಂದು ಆಯ್ಕೆಯಲ್ಲಿ ಬೀಗ ಹಾಕಿದ ಕೋಣೆಯ ದೃಶ್ಯ ಓದಿಸುತ್ತಿದ್ದೆವು. ಬಂದವರೆಲ್ಲ ಇಲ್ಲದ ಬಾಗಿಲನ್ನು ದಬದಬ ಬಡಿದರು. ಒಬ್ಬಾಕೆ ಮಾತ್ರ ಚಿಲಕದ ಕಡೆ ಕೈ ಚಾಚಿ, ಒಂದು ಅಂಗುಲ ಇರುವಾಗ ನಿಲ್ಲಿಸಿದಳು. ಕೈ ಹಿಂದಕ್ಕೆ ತಂದು, ಅಂಗೈಯ ಬೆವರನ್ನು ಬಟ್ಟೆಗೆ ಒರೆಸಿಕೊಂಡು, ‘ಗಾಳಿ ಇರಬೇಕು ಬಿಡಿ’ ಎಂಬ ತನ್ನ ಸಾಲನ್ನು ಸ್ವಲ್ಪ ನಗುತ್ತಲೇ ಹೇಳಿದಳು. ಟಿಪ್ಪಣಿ ಬರೆಯುತ್ತಿದ್ದ ನಮ್ಮ ಪೆನ್ನುಗಳು ನಿಂತವು. ಆ ಪಾತ್ರಕ್ಕೆ ಆಮೇಲೆ ಚರ್ಚೆಯೇ ನಡೆಯಲಿಲ್ಲ.

ಚೀರುವುದೇ ಆದರೆ

‘ಪೂರ್ತಿ ದನಿ ಬೇಕಾ, ಅರ್ಧ ಸಾಕಾ?’ ಅಂತ ಕೇಳಿ. ಇದು ಅಂಜುಬುರುಕತನವಲ್ಲ, ಅನುಭವಸ್ಥರು ಕೇಳುವ ಪ್ರಶ್ನೆ. ಮನೆಯಲ್ಲೇ ತುಟಿ ಮುಚ್ಚಿ ಗುಂಯ್‌ಗುಡುತ್ತ, ತುಟಿ ಬುರ್ರೆನ್ನಿಸುತ್ತ ಐದು ನಿಮಿಷ ಗಂಟಲು ಬೆಚ್ಚಗಾಗಿಸಿಕೊಂಡು ಬನ್ನಿ. ಉಸಿರು ಪಕ್ಕೆಲುಬಿನ ಕೆಳಭಾಗ ಹಿಗ್ಗುವಷ್ಟು ಇಳಿಯಲಿ, ದವಡೆ ಸಡಿಲವಿರಲಿ. ಗಂಟಲು ಕೆರೆದಂತಾದರೆ ತಕ್ಷಣ ನಿಲ್ಲಿಸಿ. ಒಂದೆರಡು ಸಲಕ್ಕಿಂತ ಹೆಚ್ಚು ಚೀರಿಸುವ ನಿರ್ದೇಶಕರಿಗೆ ನಯವಾಗಿ ಬೇಡ ಅನ್ನಿ.

ಪಿಸುಮಾತೂ ಸುಲಭದ್ದಲ್ಲ. ಒತ್ತಿ ಪಿಸುಗುಟ್ಟಿದರೆ ಗಂಟಲಿಗೂ ಆಯಾಸ, ಹಿಂದಿನ ಸಾಲಿಗೂ ಕೇಳಿಸದು. ಮೆಲುದನಿಯಲ್ಲಿ ಉಸಿರು ಬೆರೆಸಿ, ವ್ಯಂಜನಗಳನ್ನು ಬಿಡಿಬಿಡಿಸಿ ಹೇಳಿದರೆ ಪಿಸುಮಾತಿನ ಭ್ರಮೆ ಹುಟ್ಟುತ್ತದೆ.

ದೆವ್ವವೇ ಆಗಬೇಕೆಂದಿದ್ದರೆ

ಅಲುಗಾಡದೆ ನಿಲ್ಲುವುದನ್ನು ಅಭ್ಯಾಸ ಮಾಡಿ. ಎರಡು ನಿಮಿಷ, ಕೈಬೆರಳೂ ಸೇರಿ. ದೆವ್ವದ ಪಾತ್ರಧಾರಿಯ ಸಂಜೆಯ ಬಹುಪಾಲು ಕಪಾಟಿನ ಹಿಂದೆ, ಬೆವರುತ್ತ, ರಂಗಕ್ಕೆ ಬರುವ ಸೂಚನೆಗೆ ಕಾಯುವುದರಲ್ಲೇ ಹೋಗುತ್ತದೆ. ದೀಪ ಪೂರ್ತಿ ಆರಿದಾಗ ನೆಲದಲ್ಲಿ ಅಂಟಿಸಿದ ಹೊಳೆಯುವ ಟೇಪಿನ ಚೂರು ನೋಡಿಕೊಂಡು ಸದ್ದಿಲ್ಲದೆ ಜಾಗ ಬದಲಿಸಬೇಕು. ಅದಕ್ಕೇ ಕೆಲವರು ಮೆಟ್ಟಿಲು ಹತ್ತಿಳಿಸಿ ನಡಿಗೆ ನೋಡುತ್ತಾರೆ. ಸದ್ದು ಮಾಡುವ ಚಪ್ಪಲಿ, ಬಳೆ ಬೇಡ.

ಎರಡನೇ ಸುತ್ತು

ಮತ್ತೆ ಕರೆದರೆ ಮೊದಲ ದಿನದ ಬಟ್ಟೆಯಲ್ಲೇ ಹೋಗಿ, ‘ಆ ನೀಲಿ ಅಂಗಿಯವರು’ ಅಂತ ನೆನಪಾಗಲಿ. ಈ ಸುತ್ತಿನಲ್ಲಿ ಜೋಡಿ ಕಟ್ಟಿ ಓದಿಸುತ್ತಾರೆ. ಎದುರಿನವರು ತಡವರಿಸಿದರೆ ಕಾಯಿರಿ. ಆ ಮೌನದಲ್ಲಿ ನೀವು ಹೇಗೆ ಕಿವಿಗೊಟ್ಟಿರಿ ಎಂಬುದನ್ನೂ ಯಾರೋ ಬರೆದುಕೊಳ್ಳುತ್ತಿರುತ್ತಾರೆ. ದೀಪ ಆರಿಸಿ ಓದಿ ಅನ್ನುವ ನಿರ್ದೇಶಕರೂ ಇದ್ದಾರೆ. ಮೊದಲ ನಾಲ್ಕು ಸಾಲನ್ನಾದರೂ ಬಾಯಿಪಾಠ ಮಾಡಿಕೊಂಡು ಹೋಗಿ.