ಬೀದರ್ ನೋಡಲು ಬರ್ತೀರಾ? ಕೋಟೆಯಿಂದ ಶುರು ಮಾಡಬೇಡಿ

ಬೀದರಿಗೆ ಬರುವ ಬಹಳ ಮಂದಿ ಬಸ್ಸಿಳಿದವರೇ ಕೋಟೆಗೆ ಹೋಗಿ, ಫೋಟೋ ತೆಗೆದುಕೊಂಡು, ಬಿಸಿಲಿಗೆ ಸುಸ್ತಾಗಿ ವಾಪಸ್ ಹೊರಡುತ್ತಾರೆ. ಹಾಗೆ ಮಾಡಬೇಡಿ. ಈ ಊರನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೊದಲು ಅದರ ಕಲ್ಲು ಮತ್ತು ನೀರು ಗೊತ್ತಾಗಬೇಕು.

ಬೆಳಗ್ಗೆ ಮೊದಲು ನೌಬಾದಿಗೆ ಹೋಗಿ. ಅಲ್ಲಿ ಬಹಮನಿಗಳ ಕಾಲದ ಕರೇಜ್ ಇದೆ, ಜನ ಸುರಂಗ ಬಾವಿ ಎನ್ನುತ್ತಾರೆ. ಬೀದರಿನ ನೆಲದ ಮೇಲ್ಪದರ ಕೆಂಪು ಜಂಬಿಟ್ಟಿಗೆ. ಅದು ಮಳೆ ನೀರನ್ನು ಹೀರಿಕೊಳ್ಳುತ್ತದೆ, ಆದರೆ ಕೆಳಗಿನ ಕರಿಬಂಡೆ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಹೀಗೆ ನಡುವೆ ನಿಂತ ನೀರನ್ನು ಪರ್ಷಿಯಾದ ಪದ್ಧತಿಯಂತೆ ಸುರಂಗ ಕೊರೆದು, ಸಣ್ಣ ಇಳಿಜಾರು ಕೊಟ್ಟು, ಯಾವ ಯಂತ್ರವೂ ಇಲ್ಲದೆ ಹರಿಸಿದ್ದಾರೆ. ಮೇಲೆ ಸಾಲಾಗಿ ಕಾಣುವ ಬಾವಿಗಳು ಗಾಳಿಗೆ ಮತ್ತು ನೀರು ಸೇದುವುದಕ್ಕೆ. ಬಹಳ ಆಳ ಇವೆ, ಮಕ್ಕಳ ಕೈ ಬಿಡಬೇಡಿ. ನರಸಿಂಹ ಝರಣಿ, ನಾನಕ್ ಝೀರಾ, ಪಾಪನಾಶ ಎಲ್ಲೆಲ್ಲೂ ಬುಗ್ಗೆ ಯಾಕಿದೆ ಅಂತ ಇಲ್ಲಿ ನಿಂತರೆ ಹೊಳೆಯುತ್ತದೆ.

ಅಲ್ಲಿಂದ ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರಿಗೆ. ಟಾರ್ಚ್ ಇರಲಿ. 1420ರ ದಶಕದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ ಅಹ್ಮದ್ ಷಾ ವಲಿಯ ಗೋರಿಯೊಳಗೆ ಕೆಂಪು, ನೀಲಿ, ಬಂಗಾರದ ಬಣ್ಣದ ಚಿತ್ತಾರ ಇದೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಸುಮ್ನೆ ನಿಲ್ಲಿ, ಫ್ಲ್ಯಾಶ್ ಹಾಕಬೇಡಿ. ಇವನನ್ನು ಅಲ್ಲಮಪ್ರಭು ಎಂದು ನಂಬಿ ಕೈಮುಗಿಯುವವರೂ ಇದ್ದಾರೆ, ಉರುಸಿನಲ್ಲಿ ಹಿಂದೂ ಮುಸ್ಲಿಮರು ಒಟ್ಟಿಗೆ ಸೇರುತ್ತಾರೆ. ಪಕ್ಕದಲ್ಲಿ ಇನ್ನೊಬ್ಬ ಬಹಮನಿ ಸುಲ್ತಾನ ಹುಮಾಯೂನ್ ಷಾನ ಗೋರಿ ಸಿಡಿಲಿಗೆ ಅರ್ಧ ಒಡೆದು ಬಿದ್ದಿದೆ. ಅದನ್ನು ಬಿಟ್ಟು ಮುಂದೆ ಹೋಗಬೇಡಿ, ಗುಮ್ಮಟವನ್ನು ಹೇಗೆ ಕಟ್ಟುತ್ತಿದ್ದರು ಎಂಬುದು ಸೀಳಿದ ಜಾಗದಲ್ಲೇ ಕಾಣುತ್ತದೆ. ಇಂಥ ಗೋಡೆಗಳ ಮೇಲೆ ಹೆಸರು ಗೀಚುವವರನ್ನು ಕಂಡರೆ ದಯವಿಟ್ಟು ತಡೆಯಿರಿ, ಒಮ್ಮೆ ಕೆರೆದ ಬಣ್ಣ ಮತ್ತೆ ಬರಲ್ಲ.

ಊಟ ಮುಗಿಸಿ ಮಹಮೂದ್ ಗವಾನನ ಮದರಸಾ. ಪರ್ಷಿಯಾದ ಗಿಲಾನಿನಿಂದ ಬಂದು ಬಹಮನಿ ಮಂತ್ರಿಯಾದ ಗವಾನ್ 1472ರ ಹೊತ್ತಿಗೆ ಇದನ್ನು ಕಟ್ಟಿಸಿದ. ಮೂರು ಅಂತಸ್ತು, ದೊಡ್ಡ ಗ್ರಂಥಾಲಯ ಎಲ್ಲ ಇತ್ತು. ವೈರಿಗಳು ಹುಟ್ಟಿಸಿದ ಸುಳ್ಳು ಪತ್ರವನ್ನು ನಂಬಿ ಸುಲ್ತಾನ 1481ರಲ್ಲಿ ಅವನನ್ನೇ ಕೊಲ್ಲಿಸಿದ, ಆಮೇಲೆ ರಾಜ್ಯವೂ ಒಡೆಯುತ್ತಾ ಹೋಯಿತು. ಔರಂಗಜೇಬನ ಕಾಲದಲ್ಲಿ ಇಲ್ಲಿ ಮದ್ದಿನಪುಡಿ ಸಿಡಿದು ಮುಂಭಾಗದ ಒಂದು ಮಿನಾರ್ ಹೋಯಿತು. ಉಳಿದ ಮಿನಾರಿನ ಹತ್ತಿರ ನಿಂತು ನೀಲಿ ಹೆಂಚಿನ ಕೆಲಸ ನೋಡಿ.

ಈಗ ಕೋಟೆ. ಬಾಗಿಲು ಹಾಕುವುದಕ್ಕೆ ಕಡಿಮೆಯೆಂದರೂ ಎರಡು ಗಂಟೆ ಮುಂಚೆ ಒಳಗಿರಿ. ಊರ ಕಡೆ ಬಂಡೆಯನ್ನೇ ಕೊರೆದು ಮೂರು ಸಾಲಿನ ಕಂದಕ ಮಾಡಿದ್ದಾರೆ. ಬೆಳಗ್ಗೆ ನೋಡಿದ ಅದೇ ಜಂಬಿಟ್ಟಿಗೆ, ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಒಳಗಿನ ಅರಮನೆ ರಂಗೀನ್ ಮಹಲಿಗೆ ಸಾಮಾನ್ಯವಾಗಿ ಬೀಗ ಇರುತ್ತದೆ, ಹಾಗಂತ ವಾಪಸ್ ಬರಬೇಡಿ, ಸಿಬ್ಬಂದಿಯನ್ನು ಕೇಳಿ. ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕುಸುರಿಗೆ ಎಷ್ಟು ಹೊತ್ತು ಕೊಟ್ಟರೂ ಕಡಿಮೆಯೇ. ಸೋಲಾ ಖಂಬಾ ಮಸೀದಿ ಹತ್ತಿರದಲ್ಲೇ ಇದೆ.

ಸಂಜೆ ಊರ ನಡುವಿನ ಹಳೇ ಕಾವಲು ಗೋಪುರ ಚೌಬಾರದ ಸುತ್ತಿನ ಓಣಿಗಳಲ್ಲಿ ಬಿದ್ರಿ ಕೆಲಸ ನಡೆಯುವಲ್ಲಿ ಕೂತು ನೋಡಿ. ಸತು, ತಾಮ್ರ ಬೆರೆಸಿ ಎರಕ ಹೊಯ್ದು, ಗೀರು ಕೊರೆದು, ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೇ ಮಣ್ಣು ಮತ್ತು ನವಸಾಗರದಿಂದ ಕಪ್ಪು ಬರಿಸುತ್ತಾರೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಕೊಳ್ಳುವುದಿದ್ದರೆ ಮಾಡಿದವರ ಕೈಯಿಂದಲೇ ಕೊಳ್ಳಿ, ಚೌಕಾಸಿ ಜಾಸ್ತಿ ಬೇಡ. ಮನೆಯಲ್ಲಿ ಕಪ್ಪು ಮಂಕಾದರೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತನೆ ಬಟ್ಟೆಯಿಂದ ಉಜ್ಜಿದರೆ ಸಾಕು.