ಎರಡು ಗಾಡಿ, ಒಂದೇ ಹಳಿ: ಟೆರೇಸಿನಿಂದ ಅಂಗಳಕ್ಕೆ ನಾನು ಕಟ್ಟಿದ ಹಗ್ಗದ ರೈಲು

"ತಾತ, ಎರಡೂ ಗಾಡಿ ಒಂದೇ ಹಳಿ ಮೇಲೆ ಬರ್ತಿವೆ. ಡಿಕ್ಕಿ ಹೊಡೆಯಲ್ವಾ?"

ಸ್ವಿಟ್ಜರ್ಲೆಂಡಿನ ಗೀಸ್‌ಬಾಖ್ ಬೆಟ್ಟದ ರೈಲಿನ ವಿಡಿಯೋ ನೋಡುತ್ತಾ ಮೊಮ್ಮಗಳು ಕೇಳಿದಳು. ಒಂದು ಗಾಡಿ ಇಳಿಯುತ್ತಿತ್ತು, ಇನ್ನೊಂದು ಹತ್ತುತ್ತಿತ್ತು. ನಡುದಾರಿಯಲ್ಲಿ ಹಳಿ ಎರಡಾಗಿ ಕವಲೊಡೆದು ಮತ್ತೆ ಒಂದಾಗುತ್ತದೆ. ಅಲ್ಲಿ ಎರಡೂ ಗಾಡಿ ಪಕ್ಕಪಕ್ಕದಲ್ಲೇ ಹಾದು ಹೋದವು. ಯಾರೂ ಹ್ಯಾಂಡಲ್ ಎಳೆಯಲಿಲ್ಲ. ಹಳಿಯ ಒಂದು ತುಂಡೂ ಅಲುಗಲಿಲ್ಲ. 34 ವರ್ಷ ಲೇತ್ ಮೇಲೆ ಕೆಲಸ ಮಾಡಿ ನಿವೃತ್ತನಾದವನು ನಾನು. ಇದು ಹೇಗೆ ಅಂತ ನನಗೂ ಹೊಳೆಯಲಿಲ್ಲ. ಕಟ್ಟಿಯೇ ನೋಡೋಣ ಅಂತ ಹೊರಟೆ.

ಹತ್ತಿಸುವ ಉಪಾಯದಲ್ಲಿ ಹೊಸದೇನೂ ಇಲ್ಲ. ನಮ್ಮೂರ ಬಾವಿಯಲ್ಲಿ ರಾಟೆಯ ಹಗ್ಗದ ಎರಡೂ ತುದಿಗೆ ಒಂದೊಂದು ಕೊಡ ಕಟ್ಟುತ್ತಿದ್ದರು. ಇಳಿಯುವ ಖಾಲಿ ಕೊಡ ಹತ್ತುವ ತುಂಬಿದ ಕೊಡಕ್ಕೆ ಹೆಗಲು ಕೊಡುತ್ತಿತ್ತು. ಕೊಡದ ಭಾರ ಕೊಡಕ್ಕೇ ಸರಿಹೋಗಿ, ನಾವು ಎಳೆಯಬೇಕಾದ್ದು ನೀರಿನ ಭಾರ ಮಾತ್ರ. ಒಂದೇ ಹಗ್ಗದ ಎರಡು ತುದಿಗೆ ಎರಡು ಗಾಡಿ ಕಟ್ಟಿದ ಈ ಫನಿಕ್ಯುಲರ್ ರೈಲು ಅಂದರೆ ಆ ಬಾವಿಯನ್ನೇ ಬೆಟ್ಟಕ್ಕೆ ಒರಗಿಸಿಟ್ಟ ಹಾಗೆ. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಕೋಟೆಗೆ ಸಾಮಾನು ಸಾಗಿಸುವ ಹಗ್ಗದ ಗಾಡಿಯ ಪ್ರಸ್ತಾಪ 1515ರಷ್ಟು ಹಿಂದೆಯೇ ಸಿಗುತ್ತದೆ. ಆಗ ಮರದ ಹಳಿ, ಸೆಣಬಿನ ಹಗ್ಗ. 1830ರ ದಶಕದಲ್ಲಿ ಜರ್ಮನಿಯ ಹಾರ್ಜ್ ಗಣಿಗಳಲ್ಲಿ ವಿಲ್ಹೆಲ್ಮ್ ಆಲ್ಬರ್ಟ್ ತಂತಿ ಹೊಸೆದು ಹಗ್ಗ ಮಾಡಿದ. ಆಮೇಲೆ ಜನರನ್ನು ಕೂರಿಸುವ ಧೈರ್ಯ ಬಂತು. 1862ರಲ್ಲಿ ಫ್ರಾನ್ಸಿನ ಲಿಯೋನ್ ಊರಲ್ಲಿ ಅಂಥ ರೈಲು ಓಡಿತು.

ನನ್ನ ಬೆಟ್ಟ ಅಂದರೆ ಟೆರೇಸಿನಿಂದ ಅಂಗಳಕ್ಕೆ ಒರಗಿಸಿದ 16 ಅಡಿಯ ಹಲಗೆ. ಹಳಿಗೆ 8 ಮಿಲಿಮೀಟರಿನ ಕಬ್ಬಿಣದ ಸರಳು. ಮೋಟರ್ ಬೇಡ, ನೀರೇ ಇರಲಿ ಅಂದುಕೊಂಡೆ. ಇಂಗ್ಲೆಂಡಿನ ಲಿಂಟನ್-ಲಿನ್‌ಮೌತ್ ರೈಲು 1890ರಿಂದ ನೀರಿನ ಭಾರದಲ್ಲೇ ಓಡುತ್ತಿದೆ. ಮೇಲಿನ ಗಾಡಿಯ ತೊಟ್ಟಿಗೆ ನದಿ ನೀರು ತುಂಬುತ್ತಾರೆ, ಅದು ಇಳಿಯುತ್ತಾ ಕೆಳಗಿನದನ್ನು ಎಳೆಯುತ್ತದೆ, ಕೆಳಗೆ ಹೋದ ಮೇಲೆ ನೀರು ಚೆಲ್ಲುತ್ತಾರೆ. ಸ್ವಿಟ್ಜರ್ಲೆಂಡಿನ ಫ್ರಿಬೂರ್‌ನಲ್ಲಿ 1899ರಿಂದ ಓಡುವ ಗಾಡಿಗೆ ಊರಿನ ಚರಂಡಿ ನೀರು! ಇದನ್ನು ಮನೆಯವಳಿಗೆ ಹೇಳಿದ್ದು ತಪ್ಪಾಯಿತು. ನಮ್ಮದಕ್ಕೆ ಸಂಪಿನ ಒಳ್ಳೇ ನೀರು ಯಾಕೆ ಹಾಳು ಅಂತ ಶುರು ಮಾಡಿದಳು. ಕೆಳಗೆ ಚೆಲ್ಲುವ ನೀರು ಮಲ್ಲಿಗೆ ಬಳ್ಳಿಗೇ ಹೋಗುತ್ತದೆ ಅಂತ ಒಪ್ಪಿಸಿದೆ.

ಗಾಡಿಗೆ ಒಂದು ಲೀಟರಿನ ಬಾಟಲಿಯೇ ತೊಟ್ಟಿ. ಮೇಲಿನದಕ್ಕೆ ಸುಮಾರು 300 ಮಿಲಿ ನೀರು ಹಾಕಿದರೆ ಎರಡೂ ಹೊರಡುತ್ತಿದ್ದವು. ಆದರೆ ಹೊರಟ ಮೇಲೆ ನಿಲ್ಲುವ ಮಾತೇ ಇಲ್ಲ, ವೇಗ ಏರುತ್ತಲೇ ಹೋಗುತ್ತಿತ್ತು. ಮೇಲಿನ ರಾಟೆಗೆ ಸೈಕಲ್ಲಿನ ಬ್ರೇಕ್ ರಬ್ಬರ್ ಹಾಕಿ, ಕೈಯಲ್ಲಿ ಹಿಡಿತ ಇಟ್ಟುಕೊಂಡೆ.

ತಲೆನೋವು ಇದ್ದದ್ದು ನಡುವಿನ ಕವಲಿನಲ್ಲಿ. ಮೊದಲು ಮಾಮೂಲಿ ರೈಲಿನ ಹಾಗೆ ಆಚೀಚೆ ಸರಿಯುವ ಹಳಿ ಮಾಡಿ, ಸ್ಪ್ರಿಂಗ್ ಹಾಕಿದೆ. ಹತ್ತು ಸಲದಲ್ಲಿ ನಾಲ್ಕು ಸಲ ಗಾಡಿ ತಪ್ಪು ಕವಲಿಗೆ ನುಗ್ಗಿತು. ಅದಕ್ಕಿಂತ ದೊಡ್ಡ ತಪ್ಪು ಬೇರೆಯೇ ಇತ್ತು. ಹಗ್ಗವೂ ಹಳಿಯನ್ನು ದಾಟಬೇಕಲ್ಲ! ನನ್ನ ಹಳಿ ಸರಿದು ಹಗ್ಗವನ್ನು ಕಚ್ಚಿ ಕೂರುತ್ತಿತ್ತು. ಎರಡು ವಾರ ಸುಮ್ನೆ ಹೋಯಿತು.

ಕೊನೆಗೆ ವಿಡಿಯೋ ನಿಲ್ಲಿಸಿ ನಿಲ್ಲಿಸಿ ಚಕ್ರಗಳನ್ನೇ ನೋಡಿದೆ. ಜಾಣತನ ಇದ್ದದ್ದು ಹಳಿಯಲ್ಲಲ್ಲ, ಚಕ್ರದಲ್ಲಿ. ಸ್ವಿಸ್ ಎಂಜಿನಿಯರ್ ರೋಮನ್ ಆಬ್ಟ್ 1879ರಲ್ಲಿ ಇದೇ ಗೀಸ್‌ಬಾಖ್‌ಗೆ ಈ ಕವಲು ಮಾಡಿದ. 1886ರಲ್ಲಿ ಲುಗಾನೊ ಊರಿನ ರೈಲಿನಲ್ಲಿ ಅದು ಈಗಿನ ರೂಪಕ್ಕೆ ಬಂತು. ಗಾಡಿಯ ಒಂದು ಬದಿಯ ಚಕ್ರಕ್ಕೆ ಎರಡೂ ಕಡೆ ಅಂಚು. ಅದು ಹಳಿಯನ್ನು ತಬ್ಬಿ ಹಿಡಿಯುತ್ತದೆ. ಇನ್ನೊಂದು ಬದಿಯ ಚಕ್ರಕ್ಕೆ ಅಂಚೇ ಇಲ್ಲ, ಲಟ್ಟಣಿಗೆಯ ಹಾಗೆ ಅಗಲವಾಗಿ ಉರುಳುತ್ತದೆ. ಒಂದು ಗಾಡಿಗೆ ತಬ್ಬುವ ಚಕ್ರ ಎಡಕ್ಕೆ, ಇನ್ನೊಂದಕ್ಕೆ ಬಲಕ್ಕೆ. ಎಡದ ಹೊರಹಳಿ ಮೇಲಿಂದ ಕೆಳಗಿನವರೆಗೆ ಎಲ್ಲೂ ತುಂಡಾಗುವುದಿಲ್ಲ, ಬಲದ್ದೂ ಅಷ್ಟೇ. ಹಾಗಾಗಿ ಎಡದ ಗಾಡಿ ಎಡಹಳಿಯನ್ನು ಬಿಡುವ ಹಾಗೇ ಇಲ್ಲ. ಒಳಹಳಿಗಳಲ್ಲಿ ಹಗ್ಗಕ್ಕೆ, ಚಕ್ರದ ಅಂಚಿಗೆ ದಾರಿ ಬಿಟ್ಟಿರುತ್ತಾರೆ. ಲಟ್ಟಣಿಗೆ ಚಕ್ರ ಅಗಲ ಇರುವುದರಿಂದ ಆ ಸಂದಿಯನ್ನು ಆರಾಮಾಗಿ ದಾಟುತ್ತದೆ. ಸ್ಪ್ರಿಂಗ್ ಇಲ್ಲ, ಹ್ಯಾಂಡಲ್ ಇಲ್ಲ!

ತಬ್ಬುವ ಚಕ್ರ ಹುಡುಕಿಕೊಂಡು ಅಲೆಯಬೇಕಾಗಲಿಲ್ಲ. ಜಾರುವ ಗೇಟಿಗೆ ಹಾಕುವ, ನಡುವೆ ತೋಡು ಇರುವ ಚಕ್ರ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಕ್ಕಿತು. ಅದರ ತೋಡು ದುಂಡು ಸರಳಿನ ಮೇಲೆ ಸರಿಯಾಗಿ ಕೂರುತ್ತದೆ. ಲಟ್ಟಣಿಗೆ ಚಕ್ರವನ್ನು ಹಳೇ ಗೆಳೆಯನ ಲೇತ್‌ನಲ್ಲಿ ನೈಲಾನ್ ತುಂಡಿನಿಂದ ಕಡೆದೆ, ಅಗಲ 40 ಮಿಲಿಮೀಟರ್. ಮೊದಲು 25 ಇಟ್ಟಿದ್ದೆ, ಸಂದಿಯಲ್ಲಿ ಮುಗ್ಗರಿಸಿತು. ತಿರುವಿನಲ್ಲಿ ಹಗ್ಗ ಪಕ್ಕಕ್ಕೆ ಎಳೆಯುತ್ತಿದ್ದರಿಂದ ಅಲ್ಲಿನ ಪುಟ್ಟ ರಾಟೆಗಳನ್ನು ಓರೆಯಾಗಿ ಕೂರಿಸಿದೆ.

ಹಗ್ಗದ ಪಾಠ ಆಮೇಲೆ ಆಯಿತು. ನೈಲಾನ್ ದಾರ ಹಿಗ್ಗಿ, ಒಂದು ಗಾಡಿ ಕೆಳಗೆ ಮುಟ್ಟಿದರೂ ಇನ್ನೊಂದು ಮೇಲಿನವರೆಗೆ ಬರುತ್ತಿರಲಿಲ್ಲ. 2 ಮಿಲಿಮೀಟರಿನ ಉಕ್ಕಿನ ಹಗ್ಗ ತಂದು, ತುದಿ ಮಡಚಿ ಕ್ಲ್ಯಾಂಪ್ ಬಿಗಿದೆ. ಮೂರನೇ ದಿನ ಹಗ್ಗ ಕ್ಲ್ಯಾಂಪಿನ ಬಾಯಲ್ಲೇ ಕತ್ತರಿಸಿತು. ಇಳಿಯುತ್ತಿದ್ದ ಗಾಡಿ ನೇರವಾಗಿ ಗುಲಾಬಿ ಕುಂಡಕ್ಕೆ. ಮೊಮ್ಮಗಳು ಎರಡು ಅಡಿ ಆಚೆ ನಿಂತಿದ್ದಳು. ನನ್ನ ಕೈ ಆ ಸಂಜೆಯೆಲ್ಲಾ ನಡುಗುತ್ತಿತ್ತು. ಕ್ಲ್ಯಾಂಪ್ ಉಲ್ಟಾ ಹಾಕಿದ್ದೆ. ಬಾಗಿದ ಬೋಲ್ಟು ಮಡಚಿ ಬಿಟ್ಟ ತುದಿಯ ಮೇಲೆ ಕೂರಬೇಕು, ಚಪ್ಪಟೆ ಭಾಗ ಭಾರ ಹೊರುವ ಹಗ್ಗದ ಮೇಲೆ. ನಾನು ಬೋಲ್ಟಿನಿಂದ ಭಾರ ಹೊರುವ ಹಗ್ಗವನ್ನೇ ಜಜ್ಜಿದ್ದೆ.

2025ರ ಸೆಪ್ಟೆಂಬರಿನಲ್ಲಿ ಪೋರ್ಚುಗಲ್ಲಿನ ಲಿಸ್ಬನ್‌ನ ಗ್ಲೋರಿಯಾ ಅನ್ನುವ ಇಂಥದೇ ರೈಲಿನ ಅಪಘಾತದ ಸುದ್ದಿ ಓದಿದಾಗ ಆ ಕುಂಡವೇ ಕಣ್ಣಮುಂದೆ ಬಂತು. ಅಲ್ಲೂ ಎರಡು ಗಾಡಿಗೆ ಒಂದು ಹಗ್ಗ. ಮೇಲಿದ್ದ ಗಾಡಿಗೆ ಹಗ್ಗ ಸೇರುವ ಜಾಗದಲ್ಲೇ ಅದು ಬಿಟ್ಟುಹೋಯಿತು. ಬ್ರೇಕ್ ಹಾಕಿದರೂ ಗಾಡಿ ನಿಲ್ಲಲಿಲ್ಲ. 16 ಜನ ಸತ್ತರು.

ನನ್ನ ರಾಟೆಯ ಬ್ರೇಕ್ ಕೂಡ ಹಗ್ಗ ಇರುವ ತನಕ ಮಾತ್ರ ಬ್ರೇಕ್. ಅದಕ್ಕೇ ಈಗ ಗಾಡಿಯಲ್ಲೇ ಒಂದು ಕಚ್ಚುವ ಹಲ್ಲು ಕೂರಿಸಿದ್ದೇನೆ. ಹಗ್ಗ ಬಿಗಿಯಾಗಿ ಎಳೆಯುವವರೆಗೆ ಅದು ಬಾಯಿ ತೆರೆದಿರುತ್ತದೆ. ಹಗ್ಗ ಸಡಿಲಾದರೆ ಸ್ಪ್ರಿಂಗ್ ಮುಚ್ಚಿ ಸರಳನ್ನು ಕಚ್ಚುತ್ತದೆ. ಮೊಮ್ಮಗಳನ್ನು ಒಳಗೆ ಕಳಿಸಿ, ಬೇಕಂತಲೇ ಹಗ್ಗ ಕತ್ತರಿಸಿ ನೋಡಿದೆ. ಮೊದಲ ಸಲ ಒಂದೂವರೆ ಅಡಿ ಜಾರಿ ನಿಂತಿತು. ಸ್ಪ್ರಿಂಗ್ ಬದಲಿಸಿದ ಮೇಲೆ ಒಂದು ಗೇಣು. ಮಳೆಯಲ್ಲಿ ಸರಳು ಒದ್ದೆಯಾದರೆ ಇನ್ನೂ ಜಾಸ್ತಿ ಜಾರುತ್ತದೆ. ಹಲ್ಲಿಗೆ ಗರಗಸದ ಹಾಗೆ ಕಚ್ಚು ಹಾಕಿಸಬೇಕು. ಅಲ್ಲಿಯವರೆಗೆ ಮಳೆ ಬಂದ ದಿನ ರೈಲು ರಜ.